ರಾಡ್ನಿ ಮನೆಯ ಮಾನ

ಆ ಕೊಲ್ಲಿಯ ಊರಲ್ಲಿ ಎಲ್ಲರ ಮನೆತನದ ಹೆಸರೂ ಪಾರ್ಡಿಯೇ. ಹಾಗಾಗಿ ಗುರುತಿಗೆ ಮನೆಗೊಂದು ಅಡ್ಡಹೆಸರು. ಹೆಡ್ಲಿ ಪಾರ್ಡಿಯ ಮನೆಗೆ ಅಜ್ಜನ ಕಾಲದಿಂದ ಅಂಟಿದ್ದು ‘ರಾಡ್ನಿ’. ನ್ಯೂಫೌಂಡ್‌ಲ್ಯಾಂಡಿನ ಆ ಕರಾವಳಿಯಲ್ಲಿ ಒಬ್ಬನೇ ಕೂತು ಹುಟ್ಟು ಹಾಕುವ ಪುಟ್ಟ ದೋಣಿಗೂ ಅದೇ ಹೆಸರು. ಅಜ್ಜ ಅಂಥ ದೋಣಿ ಕಟ್ಟುತ್ತಿದ್ದ, ನಮಗೆ ಹೆಸರು ಬಂದದ್ದು ಹಾಗೆ ಎಂದು ಹೆಡ್ಲಿಯ ವಾದ. ಸರಿ, ದೋಣಿಗೆ ಎಲ್ಲಿಂದ ಬಂತು? ಇಲ್ಲಿ ಊರು ಮೀಸೆಯಡಿ ನಗುತ್ತಿತ್ತು. ಹಿರಿಯರು ಇಂಗ್ಲೆಂಡಿನಿಂದ ತಂದ ಮಾತಿನಲ್ಲಿ ರಾಡ್ನಿ ಎಂದರೆ ಮೈಗಳ್ಳನಂತೆ.

“ಸುಳ್ಳು! ಅಡ್ಮಿರಲ್ ರಾಡ್ನಿ ಹೆಸರದು. ಯುದ್ಧಹಡಗಿನ ದೊರೆ!” ಎಂದು ಹೆಡ್ಲಿ ಗುಡುಗುತ್ತಿದ್ದ.

ಈ ವರ್ಷ ಪಟ್ಟಣದ ಸಮಿತಿಯವರು ಆ ಪದದ ಹುಟ್ಟು ಬರೆದ ಫಲಕವೊಂದನ್ನು ದೋಣಿ ನಿಲ್ಲುವ ಕಟ್ಟೆಯ ಮೇಲೆ ನಿಲ್ಲಿಸುವುದಾಗಿ ಹೇಳಿದರು. ಮಿಸ್ ನೋಸ್‌ವರ್ದಿ ಎಂಬಾಕೆ ಬಂದು ಊರವರ ಮಾತು ಕೇಳಿ ನಿರ್ಧರಿಸುವುದೆಂದಾಯಿತು. ಮನೆತನದ ಮಾನ ಕಲ್ಲಿನ ಮೇಲೆ ಕೂರುವ ಸಮಯ! ಹೆಡ್ಲಿ ಚಳಿಗಾಲವಿಡೀ ಕನ್ನಡಿ ಮುಂದೆ ನಿಂತು ಅಡ್ಮಿರಲ್ಲನ ದನಿಯಲ್ಲಿ ಭಾಷಣ ರೂಢಿಸಿದ. ಸೌದೆ ಒಡೆದವಳು ಹೆಂಡತಿ ಎಲ್‌ಫ್ರೀಡಾ.

“ನಮ್ಮನೇಲಿ ಮೈಗಳ್ಳರೇ ಇಲ್ಲ ಅಂತ ಸಾಬೀತು ಮಾಡೋಕೆ ಎಷ್ಟೊಂದು ಕಷ್ಟಪಡ್ತೀರಿ ಪಾಪ,” ಎಂದಳು ಕೊಡಲಿ ಕೆಳಗಿಟ್ಟು.

ವಸಂತದಲ್ಲಿ ಪಕ್ಕದ ಮನೆಯ ಆಂಬ್ರೋಸ್ ಬೇಲಿಯಾಚೆಯಿಂದ ಕೂಗಿದ: “ಏ ಹೆಡ್ಲಿ, ದೋಣಿ ನೆನೆಹಾಕಿದ್ಯಾ ಮಾರಾಯ?”

ಚಳಿಗಾಲವೆಲ್ಲ ದಡದಲ್ಲಿ ಒಣಗಿದ ದೋಣಿಯ ಹಲಗೆ ಕುಗ್ಗಿರುತ್ತದೆ. ಕಲ್ಲು ಹೇರಿ ಕೆಲವು ದಿನ ತೀರದ ನೀರಲ್ಲಿ ಮುಳುಗಿಸಿಟ್ಟರೆ ಊದಿಕೊಂಡು ಸಂದು ಮುಚ್ಚುತ್ತದೆ. ಆ ಊರಲ್ಲಿ ಹಲ್ಲುಜ್ಜುವಷ್ಟು ಮಾಮೂಲಿ ಕೆಲಸ.

“ಹೊಸ ಬಣ್ಣ ಹೊಡ್ದಿದೀನಿ. ಕೆಸರಲ್ಲಿ ಅದ್ದೋಕೆ ಅದೇನು ಎಮ್ಮೆನಾ?”

ಹಲಗೆ ಊದಲಿಲ್ಲ, ಹೆಡ್ಲಿಯ ಎದೆ ಊದಿತ್ತು.

ಸಮಾರಂಭದ ದಿನ ಎಲ್ಲರೂ ಕಟ್ಟೆಗೆ ನಡೆದು ಬಂದರು. ಹೆಡ್ಲಿ ಮಾತ್ರ ತನ್ನ ರಾಡ್ನಿ ದೋಣಿಯಲ್ಲಿ ಬಂದ. ಕಟ್ಟೆಗೆ ಇನ್ನೊಂದಿಷ್ಟು ದೂರವಿದ್ದಾಗ ಹುಟ್ಟು ಒಳಗಿಟ್ಟು ಎದ್ದು ನಿಂತ. ಅಡ್ಮಿರಲ್ ಕೂತು ಮಾತಾಡುವುದುಂಟೆ?

“ಮಹನೀಯರೇ! ಈ ದೋಣಿಯ ಹೆಸರು ಸಮುದ್ರವನ್ನೇ ನಡುಗಿಸಿದವನದು...”

ನೀರು ಬೂಟಿಗೆ ಬಂತು. ಈಗ ಕೂತು ನೀರೆತ್ತಿ ಹೊರಚೆಲ್ಲಿದರೆ ಭಾಷಣ ಹೋಯಿತು, ಭಾಷಣ ಹೋದರೆ ಫಲಕ ಹೋಯಿತು. ಹೆಡ್ಲಿ ದನಿ ಏರಿಸಿದ. ನೀರು ಮೊಣಕಾಲಿಗೆ ಏರಿತು.

“ರೀ, ಕೂತ್ಕೊಂಡು ನೀರೆತ್ರೀ!” ಎಲ್‌ಫ್ರೀಡಾ ಕಿರುಚಿದಳು.

“ಮಧ್ಯೆ ಬಾಯಿ ಹಾಕ್ಬೇಡ ಕಣೇ!”

ಸೊಂಟದವರೆಗೆ ಅಡ್ಮಿರಲ್, ಕೆಳಗೆ ಬರೀ ಸಮುದ್ರ. ಕೊನೆಗೆ ಟೋಪಿಯೊಂದೇ ತೇಲಿದಾಗ ಆಂಬ್ರೋಸ್ ತನ್ನ ಮೊಮ್ಮಗಳ ಪ್ಲಾಸ್ಟಿಕ್ ದೋಣಿಯಲ್ಲಿ ಹೋಗಿ ಕಾಲರ್ ಹಿಡಿದು ಎಳೆತಂದ.

ನಗು ತಡೆಯಲು ಕೆಮ್ಮುತ್ತಿದ್ದ ಮಿಸ್ ನೋಸ್‌ವರ್ದಿ ಆಂಬ್ರೋಸನನ್ನು ಕೇಳಿದಳು: “ಹಾಗಾದ್ರೆ ಯಾವ ಅರ್ಥ ಬರೀಲಿ?”

“ಅಡ್ಮಿರಲ್ ಅಂತಲೇ ಬರ್ಕೊಳಿ ತಾಯಿ. ಮೈಗಳ್ಳ ಯಾವನೂ ಮುಳುಗೋಕೆ ಇಷ್ಟು ಕಷ್ಟಪಡಲ್ಲ.”

ಆಕೆ ಎರಡೂ ಅರ್ಥ ಬರೆದು, ನಿಜ ಯಾರಿಗೂ ಗೊತ್ತಿಲ್ಲ ಎಂದು ಸೇರಿಸಿದಳು. ಫಲಕವನ್ನು ಯಾರೂ ಓದುವುದಿಲ್ಲ. ಬಂದವರೆಲ್ಲ ದೋಣಿ ಮುಳುಗಿದ್ದೆಲ್ಲಿ ಎಂದು ಕೇಳುತ್ತಾರೆ.

ಅಂದಿನಿಂದ ಆ ಮನೆಯನ್ನು ರಾಡ್ನಿ ಅಂದವರಿಲ್ಲ. “ಅಡ್ಮಿರಲ್ ಮನೆಗೊಂದು ಡಬ್ಬಿ ಕಾಕಂಬಿ!” ಎಂದು ಅಂಗಡಿಯವಳು ಕೂಗಿದರೆ ಎಲ್‌ಫ್ರೀಡಾ ಕಿವುಡಿಯಾಗುತ್ತಾಳೆ. ಹೆಡ್ಲಿ ಮಾತ್ರ ಎದೆಯೆತ್ತಿ ಹೋಗಿ ಡಬ್ಬಿ ತೆಗೆದುಕೊಳ್ಳುತ್ತಾನೆ.