ಗುಂಡಿಯಿಲ್ಲದ ಅಂಗಿಗಳು

ನನ್ನ ಕೀಲುನೋವು ನಮ್ಮ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆಳಿಗ್ಗೆ ಏಳುವಾಗ ಬೆರಳುಗಳು ಮಡಚಿಕೊಂಡು ಮುಷ್ಕರ ಹೂಡಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ, ಮಾತ್ರೆ ನುಂಗಿ, ಅವುಗಳ ಮನವೊಲಿಸುವಷ್ಟರಲ್ಲಿ ಅತ್ತೆ ಅರ್ಧ ಅಡುಗೆ ಮುಗಿಸಿ ಪಾತ್ರೆ ಕುಕ್ಕುತ್ತಿದ್ದರು. ಕೆಲಸ ತಪ್ಪಿಸಿಕೊಳ್ಳಲು ಕುಂಟು ನೆಪ ಎಂಬುದು ಆ ಸದ್ದಿನ ಅರ್ಥ. ನಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಗೆ ಹೊರಡುವ ಹೊತ್ತಿಗೆ ಕೈ ಸಡಿಲವಾಗುತ್ತಿತ್ತಲ್ಲ, ಅವರಿಗೆ ಅಷ್ಟೇ ಸಾಕ್ಷಿ ಸಾಕಾಗಿತ್ತು.

ಮಗು ಬೇಕೆಂದಾಗಲೇ ಡಾಕ್ಟರಮ್ಮ ದೊಡ್ಡ ಮಾತ್ರೆಯನ್ನು ನಿಲ್ಲಿಸಿ, ಮಗುವಿಗೆ ತೊಂದರೆ ಕೊಡದ ಸಣ್ಣದೊಂದನ್ನು ಬರೆದುಕೊಟ್ಟರು. ಅದು ನೋವಿಗೂ ಏನೂ ತೊಂದರೆ ಕೊಡಲಿಲ್ಲ. ಬಸುರಾದ ಮೊದಲ ತಿಂಗಳುಗಳಲ್ಲಿ ಒಂದು ಕಡೆ ವಾಂತಿ, ಇನ್ನೊಂದು ಕಡೆ ಗೆಣ್ಣುಗೆಣ್ಣಿಗೂ ಬೆಂಕಿ. ಬಾಚಣಿಗೆ ಹಿಡಿಯಲಾಗದೆ ಕೆದರಿದ ತಲೆಯಲ್ಲೇ ಅಂಗಡಿಗೆ ಹೋಗಿ, ಕಾಜ ಹೊಲಿಯುವುದನ್ನು ಬಿಟ್ಟು ಅಂಗಿ ಮಡಚುತ್ತ ಕೂರುತ್ತಿದ್ದೆ. ಸಾಕುಸಾಕಾಗಿ ಹೋಗಿತ್ತು.

ಹೊಟ್ಟೆ ಕಾಣತೊಡಗಿದಾಗ ಒಂದು ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ತಿರುಗಿಸಿದೆ. ತಿರುಗಿಸಿದ ಮೇಲೆ ಗೊತ್ತಾಯಿತು, ನೋಯಲಿಲ್ಲ ಎಂದು. ಮತ್ತೆ ಮುಚ್ಚಿದೆ, ಮತ್ತೆ ತಿರುಗಿಸಿದೆ. ಸಂತೋಷಕ್ಕೆ ಅಳು ಬಂತು.

ಬಸುರಿನಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರಮ್ಮ. ಆಮೇಲೆ ಕನ್ನಡಕ ತೆಗೆದು ಹೇಳಿದರು: "ಹೆರಿಗೆ ಆದ್ಮೇಲೆ ಸುಮಾರು ಜನಕ್ಕೆ ವಾಪಸ್ ಬರುತ್ತಮ್ಮ. ಕೈ ಚೆನ್ನಾಗಿರೋವಾಗ್ಲೇ ಏನು ತಯಾರಿ ಬೇಕೋ ಮಾಡ್ಕೊಂಡುಬಿಡು."

ಮನೆಯವರು ಅರ್ಧ ಮಾತನ್ನಷ್ಟೇ ಕೇಳಿಸಿಕೊಂಡರು. ಮೈ ಬಗ್ಗಿಸಿದರೆ ಎಲ್ಲ ಸರಿಹೋಗುತ್ತದೆಂದು ತಾವು ಆವತ್ತೇ ಹೇಳಿದ್ದಾಗಿ ಅತ್ತೆ ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದರು. ಹೊದಿಕೆ ಒಗೆಯುವುದು, ಡಬ್ಬಿಗಳ ಬಿಗಿ ಮುಚ್ಚಳ ತೆಗೆಯುವುದು, ಎಲ್ಲ ನನ್ನ ಪಾಲಿಗೇ ಬಂತು. ಕೊನೆಕೊನೆಗೆ ನನ್ನ ಕಾಲು ಊದಿಕೊಂಡಿತು. ಅದು ಎಲ್ಲ ಬಸುರಿಯರ ಕಾಲು ಊದಿದ ಹಾಗೆ ಊದಿದ್ದರಿಂದ ಮಣೆ ಸಿಕ್ಕಿತು, ದಿಂಬು ಸಿಕ್ಕಿತು. ವರ್ಷಗಟ್ಟಲೆ ಕೈ ಊದಿದ್ದಕ್ಕೆ ಏನೂ ಸಿಕ್ಕಿರಲಿಲ್ಲ.

ನನಗಿದ್ದದ್ದು ಒಂದೇ ಭಯ. ಮಗು ಅತ್ತಾಗ ಎತ್ತಿಕೊಳ್ಳಲು ಆಗದೆ ಹೋದರೆ? ಅದರ ಬಟ್ಟೆ ಬಿಚ್ಚಲು ನನ್ನ ಬೆರಳು ಬಾರದಿದ್ದರೆ? ಹಾಗಾಗಿ ಅಂಗಡಿಯಿಂದ ತುಂಡುಬಟ್ಟೆ ತಂದು, ಮಗುವಿಗೆಂದು ಕೂಡಿಟ್ಟ ಅಂಗಿಗಳ ಗುಂಡಿಗಳನ್ನೆಲ್ಲ ಕಿತ್ತೆ. ಆ ಜಾಗದಲ್ಲಿ ಚರ್ರೆಂದು ಬಿಚ್ಚಿಕೊಳ್ಳುವ ಅಂಟುಪಟ್ಟಿ ಹಚ್ಚಿ, ಮುಷ್ಟಿ ತೂರಿಸಿ ಎಳೆಯುವಂಥ ಅಗಲವಾದ ಕುಣಿಕೆಯೊಂದನ್ನು ಹೊಲಿದೆ. ಬೆರಳು ಮಡಚಿಕೊಂಡೇ ಬರೀ ಮುಂಗೈಯಿಂದ ದಿಂಬನ್ನು ಎತ್ತಿ ಎತ್ತಿ ಅಭ್ಯಾಸ ಮಾಡಿದೆ.

"ನೆಗಡಿ ಬರೋ ಮುಂಚೇನೇ ಮೂಗು ಕೊಯ್ಕೋತಿದೀಯಲ್ಲೇ" ಎಂದು ನಮ್ಮವರು ನಕ್ಕರು. ಉಳಿದ ಬಸುರಿಯರಿಗೆ ಹುಳಿ ತಿನ್ನುವ ಬಯಕೆಯಾದರೆ ನಮ್ಮ ಮನೆಯವಳಿಗೆ ಗುಂಡಿ ಕೀಳುವ ಬಯಕೆ ಎಂದು ಅತ್ತೆ ಹಾಸ್ಯ ಮಾಡಿದರು. ಉತ್ತರ ಕೊಡುವ ಶಕ್ತಿಯನ್ನು ನಾನು ಹೊಲಿಗೆಗೆ ಉಳಿಸಿಕೊಂಡೆ.

ಒಂದನ್ನು ಮಾತ್ರ ಮುಟ್ಟಲಿಲ್ಲ. ಅತ್ತೆ ಸಂಜೆ ಸಂಜೆ ಕಿಟಕಿಯ ಪಕ್ಕ ಕೂತು, ಕಣ್ಣು ಕಿರಿದು ಮಾಡಿಕೊಂಡು ಹೆಣೆದ ಉಣ್ಣೆಯಂಗಿ ಅದು. ಎದೆಯುದ್ದಕ್ಕೂ ಕಾಳಿನಷ್ಟೇ ಪುಟ್ಟ ಗುಂಡಿಗಳು. ಎಷ್ಟು ಸಿಟ್ಟಿದ್ದರೂ ಅದಕ್ಕೆ ಕತ್ತರಿ ಹಾಕಲು ನನಗೆ ಮನಸ್ಸು ಬರಲಿಲ್ಲ.

ಮಗಳು ಹುಟ್ಟಿದಳು. ಕೆಲವು ವಾರ ಕೈ ಸುಮ್ಮನಿತ್ತು, ನಾನೂ ಆಸೆಪಟ್ಟೆ. ಆಮೇಲೆ ಹೇಳದೆ ಕೇಳದೆ ನೋವು ವಾಪಸ್ ಬಂತು, ಬಡ್ಡಿ ಸಮೇತ.

ಒಂದು ಬೆಳಿಗ್ಗೆ ಚಳಿಯಿದೆಯೆಂದು ಅತ್ತೆ ಮಗುವಿಗೆ ತಮ್ಮ ಉಣ್ಣೆಯಂಗಿ ತೊಡಿಸಿ, ಬಟ್ಟೆ ಒಣಹಾಕಲು ಮಹಡಿಗೆ ಹೋದರು. ನಮ್ಮವರು ಕೆಲಸಕ್ಕೆ ಹೋಗಿಯಾಗಿತ್ತು. ಮಗು ಕುಡಿದ ಹಾಲನ್ನೆಲ್ಲ ಕಕ್ಕಿತು. ಕತ್ತಿನಿಂದ ಹೊಟ್ಟೆಯವರೆಗೆ ತೊಯ್ದು, ಕಿರುಚಿ ಕಿರುಚಿ ಕೆಂಪಾಯಿತು. ನನ್ನ ಬೆರಳುಗಳು ಊದಿ ಮುಷ್ಟಿ ಕಟ್ಟಿದ್ದವು. ಕೂಗಿದರೆ ಮಹಡಿಗೆ ಕೇಳಿಸುವುದಿಲ್ಲ. ಕಾಳಿನಷ್ಟು ಗುಂಡಿ ನನ್ನ ಗೆಣ್ಣುಗಳ ನಡುವಿಂದ ಜಾರಿ ಜಾರಿ ಹೋಗುತ್ತಿತ್ತು. ಕೊನೆಗೆ ಮಗುವಿನ ಮೇಲೆ ಬಗ್ಗಿ ಹಲ್ಲಿನಿಂದ ಬಿಚ್ಚತೊಡಗಿದೆ. ಬಾಯಿಗೆ ಹುಳಿ ಹಾಲು, ಉಣ್ಣೆಯ ಎಳೆ. ಒಂದು ಬಿಚ್ಚಿತು. ಇನ್ನೊಂದಕ್ಕೆ ಹಲ್ಲು ಹಾಕಿದಾಗ ಬಾಗಿಲಲ್ಲಿ ಬಕೆಟ್ ಕೆಳಗಿಟ್ಟ ಸದ್ದಾಯಿತು.

ಅತ್ತೆ ನಿಂತು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಹತ್ತಿರ ಬಂದು ಉಳಿದ ಗುಂಡಿಗಳನ್ನು ಬಿಚ್ಚಿ, ಮಗುವನ್ನು ಒರೆಸಿ ಎದೆಗೆ ಹಾಕಿಕೊಂಡರು. ಅದು ಸುಮ್ಮನಾದ ಮೇಲೆ ನನ್ನ ಮುಖ ನೋಡದೆ ಕೇಳಿದರು: "ಮೊದ್ಲಿಂದ್ಲೂ ಹೀಗೇನಾ?"

"ಮೊದ್ಲಿಂದ್ಲೂ ಹೀಗೇ ಅತ್ತೆ" ಎಂದೆ. ಗೆದ್ದೆನೆಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಮಲಗಿಬಿಡೋಣ ಅನ್ನಿಸಿತು.

ಅವರು ತಪ್ಪಾಯಿತು ಎಂದೇನೂ ಹೇಳಲಿಲ್ಲ. ಆ ಜಾಯಮಾನ ಅವರದಲ್ಲ. ಮಧ್ಯಾಹ್ನ ನಾನು ಕಣ್ಣು ಬಿಟ್ಟಾಗ ಕಿಟಕಿಯ ಪಕ್ಕ ಕೂತು, ಒಗೆದು ಒಣಗಿಸಿದ ಉಣ್ಣೆಯಂಗಿಯ ಗುಂಡಿಗಳನ್ನು ತಾವೇ ಕತ್ತರಿಸುತ್ತಿದ್ದರು. ಆಮೇಲೆ ನನ್ನ ಅಳತೆ ಟೇಪು ತೆಗೆದುಕೊಂಡು ಹಾಸಿಗೆಯ ಬಳಿಗೆ ಬಂದರು.

"ಕೈ ಕೊಡು. ಕುಣಿಕೆ ಎಷ್ಟು ಅಗಲ ಇಡ್ಬೇಕು ನೋಡ್ತೀನಿ."

ಊದಿದ ಮುಷ್ಟಿಯನ್ನು ಚಾಚಿದೆ. ಅವರು ಅದನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಟೇಪು ಸುತ್ತಿದರು. ನೋಯುತ್ತಾ ಎಂದು ಕೇಳಿದರು.

ಹೂಂ ಎಂದೆ. ಅವರು ಟೇಪನ್ನು ಸಡಿಲ ಬಿಟ್ಟರು.