ಕನ್ನಡಿ ಮೇಲಿನ ಲೈಸೆನ್ಸ್

ಕೆಂಟಕಿಯ ನಮ್ಮ ಸಣ್ಣ ಊರಿನಲ್ಲಿ ಓಪಲ್‌ಳ ಬ್ಯೂಟಿ ಪಾರ್ಲರ್ ಗೊತ್ತಿಲ್ಲದ ಹೆಂಗಸಿಲ್ಲ. ನಾನು ವರ್ನಾ, ಶಾಲೆಯ ಬಸ್ ಓಡಿಸುವವಳು. ಶನಿವಾರ ಬಂತೆಂದರೆ ಅವಳ ಕುರ್ಚಿಯಲ್ಲಿ ಕೂತು ನಾಲಿಗೆಗೂ ಕೆಲಸ ಕೊಡುತ್ತೇನೆ.

ಆ ಶನಿವಾರ ಓಪಲ್‌ಳ ಮೊಮ್ಮಗಳು ರೆನ್ ತಲೆ ತೊಳೆಯುವ ಬೇಸಿನ್ನಿನ ಕೆಳಗೆ ಮುದುಡಿ ಕೂತಿದ್ದಳು. ಆರು ವರ್ಷದ ರೆನ್‌ಗೆ ಆಟಿಸಂ ಇದೆ. ಮಾತು ಬಂದಿಲ್ಲ. ಖುಷಿಯಾದರೆ ತನ್ನ ಹಳದಿ ಟವೆಲ್ಲನ್ನು ಕೆನ್ನೆಗೊತ್ತಿಕೊಂಡು ಗುನುಗುತ್ತಾಳೆ. ತಿಂಗಳಿಂದ ಅದೂ ನಿಂತಿತ್ತು.

"ಏನಾಯ್ತೇ ಇವಳಿಗೆ?"

"ಡ್ವೈಟ್ ಬರೋ ಹೊತ್ತು ಕಣೇ. ಅವನ ಗಾಡಿ ಬರೋ ಹೊತ್ತಾದ್ರೆ ಹಿಂಗೇ."

ಡ್ವೈಟ್ ನಮ್ಮ ಚರ್ಚಿನವನೇ. ತಾನು ವರ್ತನಾ ವಿಶ್ಲೇಷಕ, ಇಂಥ ಮಕ್ಕಳಿಗೆ ಕಲಿಸುವುದೇ ತನ್ನ ಕೆಲಸ ಎಂದಿದ್ದ. ರೆನ್ ಬಾಯಿಬಿಟ್ಟು "ಕೊಡು" ಅನ್ನುವವರೆಗೂ ಟವೆಲ್ ಕೊಡುವುದಿಲ್ಲವೆಂದು ಅದನ್ನು ತನ್ನ ಚೀಲದಲ್ಲೇ ಒಯ್ದಿದ್ದ. ಮಗುವಿನ ಮಣಿಕಟ್ಟಿನ ಮೇಲೆ ತಾನೇ ಕಚ್ಚಿಕೊಂಡ ಹಲ್ಲಿನ ಗುರುತು ನೋಡಿ ನಾನು ಕುರ್ಚಿ ತಿರುಗಿಸಿ ಓಪಲ್‌ಳನ್ನೇ ಕೇಳಿದೆ.

"ಅವನಿಗೆ ಲೈಸೆನ್ಸ್ ಇದೆಯಾ?"

"ಸರ್ಟಿಫಿಕೇಟ್ ತೋರಿಸಿದ್ನಲ್ಲ, ಕಟ್ಟು ಹಾಕ್ಸಿರೋದು."

"ಎರಡು ದಿನ ತರಬೇತಿಗೆ ಹೋಗಿ ಕೂತು ಬಂದ್ರೂ ಸರ್ಟಿಫಿಕೇಟ್ ಸಿಗುತ್ತೆ ಮಾರಾಯ್ತಿ. ನಾನು ಕೇಳಿದ್ದು ಈ ಕೆಲಸಕ್ಕೆ ರಾಜ್ಯ ಕೊಡೋ ಲೈಸೆನ್ಸು."

"ಬುಧವಾರ ಚರ್ಚ್ ಊಟಕ್ಕೆ ನನ್ನ ಪಕ್ಕಾನೇ ಕೂರೋನು. ಯಾವ ಮುಖ ಇಟ್ಕೊಂಡು ಕೇಳ್ಲಿ?"

ನನಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. ಕನ್ನಡಿಯ ಮೇಲೆ ಓಪಲ್‌ಳದೇ ಬ್ಯೂಟಿಷಿಯನ್ ಲೈಸೆನ್ಸ್ ತೂಗುತ್ತಿತ್ತು, ಅವಳ ಫೋಟೊ ಸಮೇತ.

"ಇದನ್ನ ಯಾಕೆ ಹಾಕಿದೀಯ?"

"ಬಂದೋರಿಗೆ ಕಾಣೋ ಹಂಗೆ ಹಾಕ್ಲೇಬೇಕು."

"ಅಡುಗೆಮನೇಲಿ ಕದ್ದು ಕೂದಲಿಗೆ ಬಣ್ಣ ಹಚ್ತಿದ್ದ ಆ ಹುಡುಗಿ ಮೇಲೆ ದೂರು ಬರೆದೋಳು ಯಾರು?"

"ಬರೀದೆ ಇನ್ನೇನು? ಲೈಸೆನ್ಸಿಲ್ಲದೋಳು ಯಾರದಾದ್ರೂ ತಲೆ ಸುಟ್ಟುಹಾಕಿದ್ರೆ..."

ಓಪಲ್‌ಳ ಕಣ್ಣು ಬೇಸಿನ್ನಿನ ಕೆಳಗೆ ಹೋಯಿತು.

ವರ್ತನಾ ವಿಶ್ಲೇಷಕರಿಗೆ ಲೈಸೆನ್ಸ್ ಕೊಡುವ ರಾಜ್ಯದ ಮಂಡಳಿಯ ಪಟ್ಟಿಯನ್ನು ನನ್ನ ಫೋನಿನಲ್ಲೇ ತೆರೆದೆವು. ಎರಡೆರಡು ಸಲ ಹುಡುಕಿದರೂ ಡ್ವೈಟ್‌ನ ಹೆಸರಿಲ್ಲ. ಅಷ್ಟರಲ್ಲಿ ಅವನೇ ಬಂದ. ಓಪಲ್ ಬಾಚಣಿಗೆ ಹಿಡಿದೇ ಬಾಗಿಲಿಗೆ ಅಡ್ಡ ನಿಂತಳು.

"ನಿನ್ನ ಲೈಸೆನ್ಸ್ ನಂಬರ್ ಹೇಳಪ್ಪ."

"ಓಪಲಕ್ಕ, ನನ್ನನ್ನೇ ನಂಬಲ್ವಾ?"

"ನಿನ್ನ ಮನಸ್ಸು ಒಳ್ಳೇದೇ ಇರಬಹುದು. ನಾನು ಕೇಳ್ತಿರೋದು ನೀನು ಏನು ಕಲ್ತಿದೀಯ ಅಂತ. ಮೊದಲು ಟವೆಲ್ ಕೊಡು."

ಅವನ ಬಳಿ ನಂಬರ್ ಇರಲಿಲ್ಲ. ತಲೆತಗ್ಗಿಸಿ ಟವೆಲ್ ಕೊಟ್ಟು ಹೋದ.

ಸಂಜೆ ಕೆಲಸದಿಂದ ಬಂದ ರೆನ್‌ಳ ಅಮ್ಮ ಕೊರಿನ್ ಎಲ್ಲ ಕೇಳಿ ಅತ್ತಳು. ಆಮೇಲೆ ಓಪಲ್ ಮತ್ತು ಮಗಳು ಕೊರಿನ್ ಕೂತು ಪಟ್ಟಿಯಲ್ಲಿ ಹೆಸರಿದ್ದ ಇಮಾನಿ ಎಂಬಾಕೆಯನ್ನು ಹುಡುಕಿದರು. ಇಮಾನಿ ಬಂದವಳೇ ತನ್ನ ಲೈಸೆನ್ಸ್ ನಂಬರ್ ಬರೆದುಕೊಟ್ಟು ನೆಲದ ಮೇಲೆ ಕೂತಳು. "ಇವಳಿಗೆ ಏನಂದ್ರೆ ಇಷ್ಟ?" ಎಂದು ಕೇಳಿದಳು.

"ಈ ಟವೆಲ್ಲು," ಅಂದಳು ಓಪಲ್.

"ಹಾಗಾದ್ರೆ ಅದು ಇವಳ ಹತ್ರಾನೇ ಇರ್ಲಿ."

ರೆನ್‌ಗೆ ಇನ್ನೂ ಮಾತು ಬಂದಿಲ್ಲ. ಆದರೆ ಮೊನ್ನೆ, ಇಮಾನಿ ಕಲಿಸಿದಂತೆ, ಮೆಕ್ಕೆಜೋಳದ ಬ್ರೆಡ್ಡಿನ ಚಿತ್ರವೊಂದನ್ನು ತಂದು ಅಜ್ಜಿಯ ಕೈಗಿಟ್ಟಳು. ಬೇಕಾದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅಜ್ಜಿ ಕೊಟ್ಟ ಬ್ರೆಡ್ ತಿನ್ನುತ್ತಾ ಗುನುಗಿದಳು. ಓಪಲ್ ನನ್ನ ಅರ್ಧ ಕತ್ತರಿಸಿದ ಕೂದಲನ್ನು ಅಲ್ಲೇ ಬಿಟ್ಟು ಕಣ್ಣೊರೆಸಿಕೊಂಡಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಅಪ್ಪ ಅಮ್ಮಂದಿರೇ, ಅಜ್ಜಿಯರೇ, ಪರಿಚಯದವರು ಎಂದು ಸಂಕೋಚಪಡಬೇಡಿ. ನಿಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಇದೆಯೇ ಎಂದು ವಿಚಾರಿಸಿ. ಇದ್ದರೆ ನಂಬರ್ ಕೇಳಿ, ಮಂಡಳಿಯ ಪಟ್ಟಿಯಲ್ಲಿ ನೀವೇ ನೋಡಿ. ವಿಶ್ಲೇಷಕರ ಬದಲು ಅವರ ಸಹಾಯಕರು ಬಂದರೆ ಅವರ ಮೇಲ್ವಿಚಾರಣೆ ಯಾರದ್ದೆಂದು ಕೇಳಿ. ಲೈಸೆನ್ಸ್ ಇದ್ದವರ ಕೈಯಲ್ಲೂ ಮಗು ನಲುಗಿದರೆ ಮಂಡಳಿಗೆ ದೂರು ಕೊಡಿ. ಬೇಸಿನ್ನಿನ ಕೆಳಗೆ ಕೂತ ಮಗು ಬಾಯಿಬಿಟ್ಟು ಕೇಳಲಾರದು. ನೀವು ಕೇಳಿ.