ಕೂಸಿನ ಮನೆಯ ಗದಿಗೆಮ್ಮ

ಗೋಡೆಗೆ ಒರಗಿಸಿ ಕೂರಿಸಿದ್ದ ಗದಿಗೆಮ್ಮನ ಹೆಣದ ಹಣೆಗೆ ಶಿವದೇವಿ ವಿಭೂತಿ ಹಚ್ಚುತ್ತಿದ್ದಾಗ ಹೊರಗೆ ದನಿ ಏರಿತು.

“ಲಿಂಗಸುಗೂರ ಕಡಿ ಹೆಣ್ಮಗಳು, ನಮ್ಮಾಕಿ. ಊರಿಗೆ ಒಯ್ತೀನಿ. ಟೆಂಪೋ ತಂದೀನಿ.” ಬೇಗಂ ಬಜಾರಿನ ಕಾಳಿನ ವ್ಯಾಪಾರಿ ಆನಂದಕುಮಾರನ ಗಂಟಲು.

“ಅರೆ ಸೇಠ್, ಇಪ್ಪತ್ತು ವರ್ಷ ಇಲ್ಲೇ ಬಾಳಿದಾಕಿ. ಕುಷಾಯಿಗೂಡದ ರುದ್ರಭೂಮ್ಯಾಗ ಗುಂಡಿ ತೋಡಾಕತ್ತಾರ.” ಇದು ಗುತ್ತಿಗೆದಾರ ರಾಮಕೃಷ್ಣ. ತೆಲುಗಿನವ, ಕೂಲಿಯವರ ನಡುವೆ ಕಲಿತ ಕನ್ನಡ.

“ನನ್ನ ಒಂದು ಮಾತು ಕೇಳಿದ್ರೇನು?”

“ನಿಮ್ಮನ್ನೇನು ಕೇಳೂದು? ಹೋಗಿ ಕಾಳು ತೂಗ್ರಿ.”

“ಹಂಗಾರ ನಾಳಿಂದ ಇಲ್ಲಿಗೆ ನನ್ನ ಬ್ಯಾಳಿ ಬರಾಂಗಿಲ್ಲ!”

“ಷೆಡ್ಡೂ ಇರಾಂಗಿಲ್ಲ. ಬೀಗ ಹಾಕ್ತೀನಿ!”

ಶಿವದೇವಿಯ ಕೈ ನಿಂತಿತು. ಹೊತ್ತು ಮೂಡುವ ಮೊದಲೇ ತಾಯಂದಿರು ಲಾರಿ ಹತ್ತಿ, ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಕಟ್ಟಲು ಹೋಗುತ್ತಾರೆ. ಅವರ ಮೂವತ್ತು ಕೂಸುಗಳು ಉಣ್ಣುವುದು, ಮಲಗುವುದು ಗದಿಗೆಮ್ಮ ನಡೆಸುತ್ತಿದ್ದ ಈ ಷೆಡ್ಡಿನಲ್ಲೇ. ನಾಳೆಯೂ ಲಾರಿ ಬರುತ್ತದೆ.

*

ಕೂಲಿ ತಾಯಂದಿರ ಸಂಘ ಕಟ್ಟಿ ಈ ಕೂಸಿನ ಮನೆ ತೆರೆದ ಹೊಸದರಲ್ಲಿ ಬೇಳೆ ಕೇಳಲು ಬಜಾರಿಗೆ ಹೊರಟ ಶಿವದೇವಿಯನ್ನು ಗದಿಗೆಮ್ಮ ಸೆರಗು ಹಿಡಿದು ನಿಲ್ಲಿಸಿದ್ದಳು.

“ನೀ ಹೋಗಬ್ಯಾಡ. ಬ್ಯಾಳಿ ಕೇಳಾಕ ಗುತ್ತಿಗೆದಾರ ಹೋಗ್ಲಿ. ಷೆಡ್ಡಿನ ತಗಡು ಕೇಳಾಕ ಸೇಠ ಗುತ್ತಿಗೆದಾರನ ಹತ್ರ ಬರ್ಲಿ.”

“ಯಾಕ ಎವ್ವಾ, ನಾವು ಕೇಳಿದ್ರ ಕೊಡಾಂಗಿಲ್ಲೇನು?”

“ಕೊಡ್ತಾರ. ಕೊಟ್ಟು ಕೈ ಝಾಡಿಸಿ ಹೋಕ್ಕಾರ. ಕೂಸಿನ ಸಲುವಾಗಿ ಒಬ್ಬರ ಮುಂದ ಒಬ್ಬರು ಉಡಿ ಒಡ್ಡಲಿ. ಆಗ ಕೂಸು ಇಬ್ಬರದೂ ಆಕ್ಕೈತಿ.” ಆಮೇಲೆ ಬಾಯ್ತುಂಬ ನಕ್ಕಿದ್ದಳು. “ಶಿವ ಜೋಳಿಗಿ ಹಿಡಿಸಿದ ಮ್ಯಾಲ ಸಾವಕಾರನೂ ಜಂಗಮನೇ ತಗೀ.”

*

ಶಿವದೇವಿ ಹೊರಗೆ ಬಂದಳು. ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಸೇಠರೇ, ಎವ್ವಗ ಜಾಗ ಕೊಡಸ್ರಿ ಅಂತ ರಾಮಕೃಷ್ಣಾರ್ನ ನೀವು ಕೇಳ್ರಿ. ಅಣ್ಣಾ, ಅಲ್ಲೀತನ ಒಯ್ಯಾಕ ಟೆಂಪೋ ಕೊಡ್ರಿ ಅಂತ ಸೇಠರ್ನ ನೀವು ಕೇಳ್ರಿ. ನಾ ಯಾರನ್ನೂ ಏನೂ ಕೇಳಾಂಗಿಲ್ಲ.”

ಗದಿಗೆಮ್ಮನನ್ನು ಕೂರಿಸಿ ಒಯ್ಯಲು ಬಿದಿರು ಕಟ್ಟುತ್ತಿದ್ದ ಮುದುಕ ಬಂಡೆಪ್ಪ ತಲೆಯೆತ್ತದೆ ಅಂದ: “ಲಗೂ ಕೇಳ್ರಪಾ. ಬದುಕಿದ್ದಾಗ ಎಲ್ಲೂ ಕುಂತಾಕಿ ಅಲ್ಲ, ಇವತ್ತ ನಿಮ್ಮ ಸಲುವಾಗಿ ಕುಂತಾಳ.”

ಆನಂದಕುಮಾರ ಕೆಮ್ಮಿದ. “ಜಾಗ... ಕೊಡಸ್ರಿ, ರಾಮಕೃಷ್ಣಾ.”

“ಟೆಂಪೋ, ಸೇಠ್...” ಎನ್ನುತ್ತ ರಾಮಕೃಷ್ಣ ಬಂಡೆಪ್ಪನ ಬಿದಿರಿಗೆ ಕೈ ಹಾಕಿದ.

ಬಿಸಿಲು ಇಳಿಯುವ ಹೊತ್ತಿಗೆ ಬಿಲ್ವಪತ್ರಿಯ ನಡುವೆ, ಉತ್ತರಕ್ಕೆ ಮುಖ ಮಾಡಿ ಗದಿಗೆಮ್ಮ ಮಣ್ಣಿನೊಳಗೆ ಕೂತಳು. ಶಿವನ ಹೆಸರು ಹೇಳಿ ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು.

ಸಂಜೆ ಶಿವದೇವಿ, ಆನಂದಕುಮಾರ, ರಾಮಕೃಷ್ಣ ಮೂವರೂ ಷೆಡ್ಡಿಗೆ ಮರಳಿದರು. ನಾಳೆಗೆ ಏನು ಬೇಕೆಂದು ಗಂಡಸರಿಬ್ಬರೂ ತಮ್ಮೊಳಗೇ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಮೂಲೆಯ ಜೋಲಿಯಲ್ಲಿ ಒಂದು ಕೂಸು ನಿದ್ದೆಗಣ್ಣಲ್ಲಿ ಕೂಗಿತು:

“ಗದಿಗೆವ್ವಾ...”

ಮೂವರೂ ಬಾಗಿಲ ಕಡೆ ತಿರುಗಿದರು.